ಸತ್ತವರ ಸೈನ್ಯಕ್ಕೂ ಲೆಕ್ಕ ಬೇಕು: ನೆಕ್ರೋಸ್ಮಿತ್ ಆಡುವ ಕ್ರಮ

ನಮ್ಮ ವಿಜಯಪುರದವರಿಗೆ ಗೋರಿಗಳ ಭಯವಿಲ್ಲ. ಹೊರಗಿನವರು ಈ ಊರಿಗೆ ಬರುವುದೇ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಲಗುಮ್ಮಟವನ್ನು ನೋಡಲು. ಆದರೂ ಸತ್ತವರನ್ನು ಎಬ್ಬಿಸಿ ದುಡಿಮೆಗೆ ಹಚ್ಚುವ ಕಂಪ್ಯೂಟರ್ ಆಟವೊಂದಿದೆ ಎಂದಾಗ ಮನೆಯಲ್ಲಿ ಹಿರಿಯರು ಮುಖ ಸಿಂಡರಿಸಿದ್ದುಂಟು. ಅಲಾವರ್ ಸಂಸ್ಥೆ 2022ರಲ್ಲಿ ಹೊರತಂದ ನೆಕ್ರೋಸ್ಮಿತ್‌ನಲ್ಲಿ ನೀವು ಗೋಪುರವೊಂದರಲ್ಲಿ ಕುಳಿತ ಮಾಂತ್ರಿಕರು. ಸಿಕ್ಕ ರುಂಡ, ಮುಂಡ, ಕೈಕಾಲುಗಳನ್ನು ಜೋಡಿಸಿ ಜೀವ ತುಂಬಿದರೆ ಆ ಪ್ರೇತಗಳು ತಾವಾಗಿಯೇ ತಿರುಗಾಡಿ, ತಾವಾಗಿಯೇ ಕಾದಾಡುತ್ತವೆ. ಗೋಪುರ ಬಿದ್ದರೆ ಆ ಸುತ್ತು ಮುಗಿಯಿತು, ಮತ್ತೆ ಮೊದಲಿನಿಂದ. 1980ರ ರೋಗ್ ಎಂಬ ಆಟದಿಂದ ಬಂದ ಕಟ್ಟುನಿಟ್ಟು ಇದು.

ಮೊದಲು ಮಾನಾದ, ಅಂದರೆ ಮಾಂತ್ರಿಕರ ಮಂತ್ರಶಕ್ತಿಯ, ಲೆಕ್ಕ ತಿಳಿಯಬೇಕು. ಪ್ರತಿಯೊಂದು ಅಂಗಕ್ಕೂ ಇಂತಿಷ್ಟು ಮಾನಾ ತಗಲುತ್ತದೆ, ಮಾನಾ ಮಾತ್ರ ನಿಧಾನವಾಗಿ ತುಂಬುತ್ತದೆ. ಇದನ್ನು ಹಗೇವಿನ ಜೋಳದಂತೆ ಮುಚ್ಚಿಟ್ಟು ಕಾಯುವುದು ಹೊಸಬರು ಮಾಡುವ ತಪ್ಪು. ಮಿತಿ ಮುಟ್ಟಿದ ಮೇಲೆ ಬರಬೇಕಾದದ್ದೆಲ್ಲ ಕೋಡಿ ಬಿದ್ದ ಕೆರೆಯ ನೀರಿನಂತೆ ವ್ಯರ್ಥ. ಆದ್ದರಿಂದ ಪಾತ್ರೆ ತುಂಬುವ ಸ್ವಲ್ಪ ಮುಂಚೆಯೇ ಖರ್ಚು ಮಾಡಿರಿ.

ಖರ್ಚು ಯಾವುದರ ಮೇಲೆ ಎಂಬುದರಲ್ಲಿಯೇ ಆಟದ ಸ್ವಾರಸ್ಯವಿದೆ. ಆರಂಭದಲ್ಲಿ ಅಗ್ಗದ ಅಂಗಗಳಿಂದ ಎರಡು ಮೂರು ಪ್ರೇತಗಳನ್ನು ಬೇಗ ಕಳುಹಿಸಬೇಕು. ಅವು ಗೆಲ್ಲಬೇಕಾಗಿಲ್ಲ, ಕತ್ತಲೆ ಕವಿದ ನಕ್ಷೆಯನ್ನು ತೆರೆದು ತೋರಿಸಿದರೆ ಸಾಕು. ಗುಮ್ಮಟದ ಮಿನಾರು ಹತ್ತಿದವನಿಗೆ ಇಡೀ ಊರು ಕಾಣುತ್ತದೆ, ಇಲ್ಲಿಯ ಗೋಪುರದಿಂದ ಅಂಗಳ ಬಿಟ್ಟು ಬೇರೇನೂ ಕಾಣದು. ಹೀಗಾಗಿ ಜೋಡಿಸುವಾಗ ರುಂಡಕ್ಕಿಂತ ಮೊದಲು ಕಾಲು ನೋಡುವುದು ನನ್ನ ಪದ್ಧತಿ. ಒಮ್ಮೆ ಇದ್ದಬದ್ದ ಮಾನಾವನ್ನೆಲ್ಲ ಸುರಿದು, ಒಳ್ಳೆಯ ಮುಂಡಕ್ಕೆ ದಪ್ಪ ತೋಳುಗಳನ್ನು ಹಚ್ಚಿ, ಕೈಗೆ ಸಿಕ್ಕ ಕುಂಟು ಕಾಲುಗಳನ್ನೇ ಕೊಟ್ಟು ದೈತ್ಯನೊಬ್ಬನನ್ನು ನಿಲ್ಲಿಸಿದೆ. ಅವನು ತೆವಳುತ್ತ ಉತ್ತರಕ್ಕೆ ಹೋದ. ದಕ್ಷಿಣದಿಂದ ನಾಲ್ಕೇ ನಾಲ್ಕು ವೈರಿಗಳು ಬಂದು ಗೋಪುರವನ್ನು ಬಡಿಯತೊಡಗಿದಾಗ ಮಾನಾ ಸೊನ್ನೆಯಾಗಿತ್ತು; ಅವನನ್ನು ಹಿಂದಕ್ಕೆ ತಿರುಗಿಸಿದೆನಾದರೂ ಅವನು ಅರ್ಧ ದಾರಿಗೆ ಬರುವಷ್ಟರಲ್ಲಿ ಕಾಯಬೇಕಾದ ಗೋಪುರವೇ ಇರಲಿಲ್ಲ.

ಹೀಗೆ ಯಾವುದಾದರೊಂದು ಪ್ರೇತವನ್ನು ನೀವೇ ನಡೆಸುವ ಅವಕಾಶ ಇದೆ, ಆದರೆ ಅದನ್ನು ಮಿತವಾಗಿ ಬಳಸಿರಿ. ತಮ್ಮ ಪಾಡಿಗೆ ಬಿಟ್ಟ ಪ್ರೇತಗಳಿಗೆ ಬುದ್ಧಿ ಕಡಿಮೆ (ಸತ್ತವರಿಂದ ಇನ್ನೆಷ್ಟು ಬಯಸಲಾದೀತು), ವೈರಿಗಳ ನೆಲೆ ಕಂಡರೆ ನೇರವಾಗಿ ಒಳಗೆ ನುಗ್ಗುತ್ತವೆ. ಬೆಲೆಬಾಳುವ ಪ್ರೇತ ಅಂಥ ಕಡೆಗೆ ಹೊರಟಾಗ ಮಾತ್ರ ಅದರ ಲಗಾಮು ಹಿಡಿದು ಹಿಂದೆ ಸರಿಸಿ, ಉಳಿದವು ಬಂದು ಕೂಡುವವರೆಗೆ ನಿಲ್ಲಿಸಿಕೊಳ್ಳಿರಿ. ಒಂದರ ಹಿಂದೆಯೇ ಬಹಳ ಹೊತ್ತು ಬಿದ್ದರೆ ಗೋಪುರದಲ್ಲಿ ಹೊಸ ಜೋಡಣೆ ನಿಂತುಹೋಗುತ್ತದೆ.

ಸೋತ ಬಳಿಕ, ಮುಂದಿನ ಸುತ್ತುಗಳಿಗೂ ಉಳಿಯುವ ಶಾಶ್ವತ ಸುಧಾರಣೆಗಳನ್ನು ಕೊಳ್ಳುವಾಗ ಮಾನಾಕ್ಕೆ ಸಂಬಂಧಿಸಿದ್ದನ್ನು ಮೊದಲು ತೆಗೆದುಕೊಳ್ಳುವುದು ಲೇಸು, ಉಳಿದವು ನಿಮ್ಮ ಅಭಿರುಚಿಗೆ ಬಿಟ್ಟದ್ದು. ಗೋಪುರ ಉಳಿಯುವುದಿಲ್ಲವೆಂದು ಖಚಿತವಾದಾಗ ಒಳ್ಳೆಯ ಅಂಗಗಳನ್ನು ಜೋಪಾನ ಮಾಡುತ್ತ ಕೂರಬೇಡಿರಿ. ಪೆಟ್ಟಿಗೆಯಲ್ಲಿ ಇದ್ದುದನ್ನೆಲ್ಲ ಹೊಂದಿಸಿ, ಕಾಲು ಕುಂಟಾದರೂ ಸರಿ, ಬಾಗಿಲಲ್ಲಿ ನಿಲ್ಲಿಸಿರಿ. ಅಲ್ಲಿ ನಡೆಯುವ ಅಗತ್ಯವೇ ಇಲ್ಲದ್ದರಿಂದ ಆ ದಪ್ಪ ತೋಳುಗಳು ಆಗ ಕೆಲಸಕ್ಕೆ ಬರುತ್ತವೆ.