ಹೆರಿಟೇಜ್ ಹೋಟೆಲ್: ಬುಕ್ ಮಾಡುವ ಮುಂಚೆ ಒಂದು ಫೋನ್ ಮಾಡಿ

ಮೈಸೂರಿಗೆ ಹೋಗಿ ಎರಡು ದಿನ ಅರಮನೆಯಂಥ ಹೋಟೆಲ್‌ನಲ್ಲಿ ಇರೋಣ ಅಂತ ಆಸೆಪಟ್ಟು ಹೊರಟವರು ಬೇಜಾರಾಗಿ ವಾಪಸ್ ಬರುವುದನ್ನು ತುಂಬಾ ನೋಡಿದ್ದೇನೆ. ಮುಂಭಾಗದ ಫೋಟೊ ನೋಡಿ ದುಡ್ಡು ಕಟ್ಟಿರುತ್ತಾರೆ. ಸಿಗುವುದು ಹಿಂದಿನ ಹೊಸ ಬ್ಲಾಕ್‌ನ ಮಾಮೂಲಿ ರೂಮು.

1. ಮೊದಲು ಜಾಗ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ವೈಸ್‌ರಾಯ್‌ಗಾಗಿ ಕಟ್ಟಿಸಿದ ಲಲಿತ ಮಹಲ್ ಚಾಮುಂಡಿ ಬೆಟ್ಟದ ಕಡೆಗಿದೆ. ಕಟ್ಟಡ ಭವ್ಯ, ನಿಜ. ಆದರೆ ಪೇಟೆಗೆ ಹೋಗಲು ಪ್ರತಿ ಸಲ ಆಟೊ ಹಿಡಿಯಬೇಕು. 1920ರ ಮೆಟ್ರೊಪೋಲ್ ಹೋಟೆಲ್, ರೈಲ್ವೆ ಸ್ಟೇಷನ್ ಹತ್ತಿರವೇ ಇದೆ, ದೇವರಾಜ ಮಾರ್ಕೆಟ್‌ಗೆ ನಡೆದೇ ಹೋಗಬಹುದು. ಎರಡೇ ದಿನ ಅಂದರೆ ಊರೊಳಗಿನ ಹೋಟೆಲೇ ವಾಸಿ.

2. 'ಹೆರಿಟೇಜ್' ಅನ್ನುವ ಬೋರ್ಡನ್ನು ಸುಮ್ನೆ ನಂಬಬೇಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಈ ವರ್ಗದ ಮಾನ್ಯತೆ ಕೊಡುವುದು 1950ಕ್ಕಿಂತ ಹಿಂದಿನ ಕಟ್ಟಡಗಳಿಗೆ. ಹೊಸದಾಗಿ ಸೇರಿಸಿದ್ದೂ ಲೆಕ್ಕಕ್ಕೆ ಬಂದು, ಒಟ್ಟು ಕಟ್ಟಡದ ಅರ್ಧದಷ್ಟಾದರೂ ಹಳೆಯದಿರಬೇಕು. ಅಂದರೆ ಮಾನ್ಯತೆ ಇದ್ದರೂ ಉಳಿದರ್ಧ ಹೊಸದಿರಬಹುದು, ಅಲ್ವಾ?

3. ಜನ ಎಡವುವುದು ಇಲ್ಲೇ, ರೂಮು ಆರಿಸುವಾಗ. ಆ್ಯಪ್‌ನಲ್ಲಿ 'ರಾಯಲ್', 'ಡೀಲಕ್ಸ್' ಅಂತಿರುತ್ತದೆ, ಅದು ಯಾವ ಕಟ್ಟಡದಲ್ಲಿದೆ ಅನ್ನುವುದೇ ಇರುವುದಿಲ್ಲ. ಜಯಲಕ್ಷ್ಮಿಪುರಂನ ಗ್ರೀನ್ ಹೋಟೆಲನ್ನೇ ತಗೊಳ್ಳಿ. ರಾಜಕುಮಾರಿಯರಿಗಾಗಿ ಕಟ್ಟಿದ ಚಿತ್ತರಂಜನ್ ಅರಮನೆ ಅದು. ಅರಮನೆಯೊಳಗಿನ ರೂಮುಗಳು ಕೆಲವೇ, ಜಾಸ್ತಿ ಇರುವುದು ತೋಟದ ಕಡೆಯ ಹೊಸ ಸಾಲಿನಲ್ಲಿ. ಹಾಗಾಗಿ ಎಲ್ಲೇ ಆಗಲಿ, ನೇರ ಹೋಟೆಲ್‌ಗೇ ಫೋನ್ ಮಾಡಿ. "ಹಳೇ ಕಟ್ಟಡದ ರೂಮೇ ಬೇಕು, ನಂಬರ್ ಹೇಳಿ" ಅನ್ನಿ. ನಂಬರ್ ಹೇಳದಿದ್ದರೆ ಆ ಹೋಟೆಲ್ ಬಿಡಿ.

ಹೇಳಿದರೆ ಅದೇ ರೂಮಿನ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ಕಿಟಕಿ ತೆರೆದು ತೋರಿಸಲಿ: ವರಾಂಡಕ್ಕೋ, ಅಂಗಳಕ್ಕೋ, ಬಸ್ಸು ಓಡುವ ರಸ್ತೆಗೋ? ಗೋಡೆ ಎಷ್ಟೇ ದಪ್ಪ ಇದ್ದರೂ ಹಳೇ ಮರದ ಕಿಟಕಿಯ ಸಂದಿಯಿಂದ ಹಾರ್ನ್ ಒಳಗೆ ಬರುತ್ತದೆ. ಬಚ್ಚಲುಮನೆ ತೋರಿಸಲಿ. ನೂರು ವರ್ಷದ ಕೋಣೆಗೆ ಆಮೇಲೆ ಜೋಡಿಸಿದ ಪೈಪಿನಲ್ಲಿ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿ. ಸೀಲಿಂಗ್ ಮೂಲೆಯಲ್ಲಿ ತೇವದ ಕಲೆ ಕಂಡರೆ ಬೇರೆ ರೂಮು ಕೇಳಿ. ಮಂಡಿನೋವಿನವರು ಜೊತೆಗಿದ್ದರೆ ಲಿಫ್ಟ್ ಇದೆಯಾ, ಮೆಟ್ಟಿಲು ಎಷ್ಟು ಅನ್ನುವುದೂ ಗೊತ್ತಿರಲಿ. ಎಲ್ಲಾದರೂ ರಿಪೇರಿ ನಡೆಯುತ್ತಿದೆಯಾ ಅಂತಲೂ ವಿಚಾರಿಸಿ, ಬೆಳಗ್ಗೆ ಡ್ರಿಲ್ ಸದ್ದಿಗೆ ಏಳುವುದು ಯಾರಿಗೆ ಬೇಕು?

'ರಾಯಲ್ ಡಿನ್ನರ್' ಸೇರಿಸಿದ ಪ್ಯಾಕೇಜ್ ಬೇಡವೇ ಬೇಡ. ಬೆಳಗಿನ ತಿಂಡಿ ಸಾಕು, ಮೈಸೂರಲ್ಲಿ ಊಟಕ್ಕೆ ಹೊರಗೆ ಹೋಗುವುದೇ ಸುಖ.

4. ರೇಟ್ ಕೇಳುವಾಗ ತೆರಿಗೆ ಸೇರಿಸಿ ಕೇಳಿ. ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ 18% ಜಿಎಸ್‌ಟಿ ಬೀಳುತ್ತದೆ. ದಸರಾ ಬಿಟ್ಟು ಬೇರೆ ಸಮಯಕ್ಕೆ ಹೋಗಿ. ಭಾನುವಾರ ಸಂಜೆ ಊರಲ್ಲಿದ್ದರೆ ಅರಮನೆಯ ದೀಪಾಲಂಕಾರವೂ ಸಿಗುತ್ತದೆ.

5. ರೂಮ್ ನಂಬರ್ ಮತ್ತು ಕಟ್ಟಡದ ಹೆಸರನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆಮೇಲಷ್ಟೇ ಅಡ್ವಾನ್ಸ್ ಕಟ್ಟಿ.