ಆಧ್ಯಾತ್ಮಿಕ ಕೋಚ್ ಜತೆ ಕೆಲಸ ಮಾಡುವುದು ಹೇಗೆ

ಕೋಚ್ ಹುಡುಕುವುದಕ್ಕೆ ಮೊದಲು ಏಳು ದಿನ ಡೈರಿ ಬರೆಯಿರಿ. ರಾತ್ರಿ ಮಲಗುವ ಮುನ್ನ ಮೂರೇ ಸಾಲು ಸಾಕು: ಇವತ್ತು ಮನಸ್ಸು ಯಾವಾಗ ಬಿಗಿಯಾಯಿತು, ಯಾವಾಗ ಹಗುರವಾಯಿತು, ಯಾವ ಮಾತಿನಲ್ಲಿ ನನಗೆ ನಾನೇ ಸುಳ್ಳಾದೆ. ಏಳನೆಯ ದಿನ ಒಟ್ಟಿಗೆ ಓದಿದರೆ ಸಾಮಾನ್ಯವಾಗಿ ಒಂದೇ ಎಳೆ ಮತ್ತೆ ಮತ್ತೆ ಕೈಗೆ ಸಿಗುತ್ತದೆ. ಮೊದಲ ಭೇಟಿಗೆ ಒಯ್ಯಬೇಕಾದದ್ದು ಅದನ್ನೇ. ‘ನನಗೆ ಶಾಂತಿ ಬೇಕು’ ಎಂದಷ್ಟೇ ಹೇಳಿದರೆ ಎಂಥ ಕೋಚ್‌ಗೂ ಹಿಡಿ ಸಿಗುವುದಿಲ್ಲ. ‘ಯಾರು ಏನು ಕೇಳಿದರೂ ಇಲ್ಲ ಎನ್ನಲಾಗದೆ ಒಪ್ಪಿಕೊಳ್ಳುತ್ತೇನೆ, ಆಮೇಲೆ ಒಳಗೊಳಗೇ ಕುದಿಯುತ್ತೇನೆ’ ಎಂದರೆ ಕೆಲಸ ಆಗಲೇ ಶುರುವಾದಂತೆ.

ಗುರು ಒಂದು ಪರಂಪರೆಯ ದಾರಿಯಲ್ಲಿ ಕರೆದೊಯ್ಯುತ್ತಾರೆ. ಮನೋವೈದ್ಯರು ಕಾಯಿಲೆಗೆ ಚಿಕಿತ್ಸೆ ಕೊಡುತ್ತಾರೆ. ಕೋಚ್ ಕೆಲಸ ಇವೆರಡಕ್ಕಿಂತ ಚಿಕ್ಕದು, ಆದರೆ ಸ್ಪಷ್ಟವಾದದ್ದು: ನೀವು ಮುಖ್ಯ ಎಂದು ನಂಬಿರುವುದಕ್ಕೂ ನೀವು ದಿನನಿತ್ಯ ಬದುಕುವುದಕ್ಕೂ ಇರುವ ಅಂತರವನ್ನು ಪ್ರಶ್ನೆ ಕೇಳಿ ಕೇಳಿ ನಿಮಗೇ ಕಾಣಿಸುವುದು, ಕಂಡದ್ದನ್ನು ಒಂದು ಸಣ್ಣ ಅಭ್ಯಾಸಕ್ಕೆ ಕಟ್ಟುವುದು.

ಬಹುತೇಕ ದೇಶಗಳಲ್ಲಿ ಈ ವೃತ್ತಿಗೆ ಪರವಾನಗಿ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ವಿಚಾರಿಸುವ ಹೊಣೆ ನಿಮ್ಮದೇ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಮೂರು ಹಂತದ ಮಾನ್ಯತೆ ಕೊಡುತ್ತದೆ: ಎಸಿಸಿಗೆ ಕನಿಷ್ಠ 100 ಗಂಟೆ, ಪಿಸಿಸಿಗೆ 500, ಎಂಸಿಸಿಗೆ 2,500 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಆದರೆ ಈ ಮಾನ್ಯತಾ ಪತ್ರ ಅಳೆಯುವುದು ಕೋಚಿಂಗ್ ಕೌಶಲವನ್ನು, ಒಳಗಿನ ಪಕ್ವತೆಯನ್ನಲ್ಲ. ಆದ್ದರಿಂದ ನೇರವಾಗಿ ಕೇಳಿ: ನಿಮ್ಮ ಸ್ವಂತ ಆಧ್ಯಾತ್ಮಿಕ ಸಾಧನೆ ಏನು, ಎಷ್ಟು ವರ್ಷದ್ದು? ನನ್ನ ನಂಬಿಕೆ ನಿಮ್ಮದಕ್ಕಿಂತ ಬೇರೆಯಾದರೆ ಹೇಗೆ ಕೆಲಸ ಮಾಡುತ್ತೀರಿ? ಯಾವ ಸ್ಥಿತಿಯಲ್ಲಿರುವವರನ್ನು ವೈದ್ಯರ ಬಳಿಗೆ ಕಳಿಸುತ್ತೀರಿ? ಮೂರನೆಯ ಪ್ರಶ್ನೆಗೆ ತಡವರಿಸುವವರನ್ನು ಬಿಟ್ಟುಬಿಡಿ. ಇಷ್ಟು ದಿನದಲ್ಲಿ ಜಾಗೃತಿ ಖಚಿತ ಎನ್ನುವವರು, ಔಷಧಿ ನಿಲ್ಲಿಸಲು ಹೇಳುವವರು, ಮನೆಯವರಿಂದ ದೂರವಿರಿ ಎನ್ನುವವರು, ವರ್ಷದ ಹಣವನ್ನು ಮೊದಲೇ ಕಟ್ಟಿಸಿಕೊಳ್ಳುವವರು ಯಾರಿದ್ದರೂ ಸಹವಾಸ ಬೇಡ.

ಒಪ್ಪಂದ ಚಿಕ್ಕದಿರಲಿ. ಎರಡು ವಾರಕ್ಕೊಮ್ಮೆ, 45ರಿಂದ 60 ನಿಮಿಷದ ಆರು ಭೇಟಿಗಳು ಆರಂಭಕ್ಕೆ ಸಾಕು. ಹೇಳಿದ್ದು ಎಷ್ಟರಮಟ್ಟಿಗೆ ಗುಟ್ಟಾಗಿರುತ್ತದೆ ಎಂಬುದು ಬರಹದಲ್ಲಿರಬೇಕು.

ಭೇಟಿಯ ಮೊದಲ ಎರಡು ಮೂರು ನಿಮಿಷ ಸುಮ್ಮನೆ ಕುಳಿತು ಉಸಿರು ಗಮನಿಸಿ. ನಂತರ ಒಂದೇ ಒಂದು ಘಟನೆ ಎತ್ತಿಕೊಳ್ಳಿ. ಇಡೀ ಬದುಕಿನ ಕತೆ ಹೇಳಲು ಹೊರಟರೆ ಸಮಯ ಅದರಲ್ಲೇ ಕರಗಿಹೋಗುತ್ತದೆ. ಇಲ್ಲ ಎನ್ನಲಾಗದೆ ಒಪ್ಪಿಕೊಂಡ ಘಟನೆಯಾದರೆ ಕೋಚ್ ಕೇಳುವುದು ಹೀಗೆ: ಆ ಗಳಿಗೆಯಲ್ಲಿ ದೇಹದಲ್ಲಿ ಎಲ್ಲಿ ಬಿಗಿಯಾಯಿತು? ಯಾವ ಯೋಚನೆ ಬಂತು? ಇಲ್ಲ ಎಂದಿದ್ದರೆ ಏನು ಕಳೆದುಕೊಳ್ಳುವ ಭಯವಿತ್ತು? ಇಂಥ ಪ್ರಶ್ನೆಗಳ ನಡುವೆ ಮೌನ ಬಂದರೆ ಅದನ್ನು ತುಂಬಲು ಆತುರಪಡಬೇಡಿ, ನಿಜವಾದ ಉತ್ತರ ಬರುವುದು ಹೆಚ್ಚಾಗಿ ಆಗಲೇ. ಕೋಚ್ ನಿಮಗಿಂತ ಹೆಚ್ಚು ಮಾತಾಡುತ್ತಿದ್ದರೆ ಅದು ಪ್ರವಚನ, ಕೋಚಿಂಗ್ ಅಲ್ಲ.

ಕೊನೆಯ ಹತ್ತು ನಿಮಿಷ ಅಭ್ಯಾಸಕ್ಕೆ ಮೀಸಲು. ‘ಇನ್ನು ಮೇಲೆ ಎಚ್ಚರದಿಂದಿರುತ್ತೇನೆ’ ಎಂಬ ಸಂಕಲ್ಪ ಎರಡು ದಿನವೂ ಬಾಳುವುದಿಲ್ಲ, ಯಾಕೆಂದರೆ ಅದು ಯಾವ ಹೊತ್ತಿಗೂ ಅಂಟಿಕೊಂಡಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ಅಧ್ಯಯನ ಮಾಡಿದ ‘ಹೀಗಾದರೆ ಹೀಗೆ’ ಎಂಬ ಕಟ್ಟು ಇಲ್ಲಿ ಕೆಲಸಕ್ಕೆ ಬರುತ್ತದೆ: ‘ಯಾರಾದರೂ ಏನಾದರೂ ಕೇಳಿದರೆ, ಒಂದು ಉಸಿರನ್ನು ಪೂರ್ತಿ ಬಿಟ್ಟು, ಯೋಚಿಸಿ ಹೇಳುತ್ತೇನೆ ಎನ್ನುತ್ತೇನೆ.’ ಇದರ ಜತೆಗೆ ದಿನವೂ ಒಂದೇ ಹೊತ್ತಿಗೆ ಹತ್ತು ನಿಮಿಷ ಕೂರುವುದು. ಉಸಿರು ಬಿಡುವಾಗ ಒಂದರಿಂದ ಹತ್ತರವರೆಗೆ ಎಣಿಸಿ, ತಪ್ಪಿದರೆ ಮತ್ತೆ ಒಂದರಿಂದ. ಎಣಿಕೆ ತಪ್ಪಿದ್ದು ಸೋಲಲ್ಲ, ತಪ್ಪಿತೆಂದು ಗೊತ್ತಾದ ಕ್ಷಣವೇ ಅಭ್ಯಾಸದ ತಿರುಳು. ಮೊದಲ ದಿನವೇ ಮುಕ್ಕಾಲು ಗಂಟೆ ಕೂತವರು ಎರಡನೆಯ ವಾರಕ್ಕೆ ಬಿಟ್ಟುಬಿಡುತ್ತಾರೆ.

21 ದಿನದಲ್ಲಿ ಅಭ್ಯಾಸ ಬೇರೂರುತ್ತದೆ ಎಂಬ ಮಾತನ್ನು ನಂಬಿ ಬೇಸರಪಡಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ಬೇರೂರಲು ಹಿಡಿದ ಕಾಲದ ಮಧ್ಯಾಂಕ (ಅರ್ಧ ಜನಕ್ಕೆ ಇದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು) 66 ದಿನ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸ. ನಡುವೆ ಒಂದು ದಿನ ತಪ್ಪಿದರೂ ದೊಡ್ಡ ಹಾನಿಯಿಲ್ಲ ಎಂಬುದೂ ಅಲ್ಲಿ ಕಂಡುಬಂತು.

ಈ ದಾರಿಯಲ್ಲಿ ಅತಿ ಹೆಚ್ಚು ಜನ ಎಡವುವ ಜಾಗವೊಂದಿದೆ. ನೋವು, ಸಿಟ್ಟು, ಬಾಕಿ ಉಳಿದ ಜಗಳವನ್ನು ಎದುರಿಸುವ ಬದಲು ‘ಎಲ್ಲವೂ ಮಾಯೆ’, ‘ಕ್ಷಮಿಸಿಬಿಟ್ಟೆ’ ಎಂಬ ಮಾತಿನ ಹಿಂದೆ ಅಡಗುವುದು. ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ 1980ರ ದಶಕದಲ್ಲೇ ಇದನ್ನು ಗುರುತಿಸಿ ‘ಸ್ಪಿರಿಚುಯಲ್ ಬೈಪಾಸಿಂಗ್’ ಎಂದು ಹೆಸರಿಟ್ಟರು. ಪತ್ತೆ ಹಚ್ಚುವುದು ಸುಲಭ: ಮಾತು ಮೆತ್ತಗಾಗಿರುತ್ತದೆ, ಹತ್ತಿರದವರ ಜತೆಗಿನ ನಡವಳಿಕೆ ಮಾತ್ರ ಹಾಗೇ ಇರುತ್ತದೆ. ‘ಈ ಅರಿವು ಬಂದ ಮೇಲೆ ಯಾರ ಜತೆ ಯಾವ ಮಾತು ಬೇರೆಯಾಯಿತು?’ ಎಂದು ಪ್ರತಿ ಭೇಟಿಯಲ್ಲೂ ನಿಮ್ಮನ್ನು ಕೇಳುವಂತೆ ಕೋಚ್‌ಗೆ ಹೇಳಿಡಿ. ಹಿಂದೆ ದೊಡ್ಡ ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಕೂತಾಗ ಹಳೆಯ ನೆನಪು ಉಕ್ಕಿಬರಬಹುದು, ನಿದ್ದೆ ಕೆಡಬಹುದು, ದೇಹ ತನ್ನದಲ್ಲವೆನಿಸಬಹುದು. ಆಗ ಕಣ್ಣು ತೆರೆದು, ಪಾದವನ್ನು ನೆಲಕ್ಕೆ ಊರಿ, ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಗೆ ಕಾಯಲೇಬಾರದು, ತಕ್ಷಣ ವೈದ್ಯಕೀಯ ನೆರವು ಪಡೆಯಬೇಕು.

ಒಳಗಿನ ಎಚ್ಚರ ಬೆಳೆಯುತ್ತಿದೆಯೇ ಎಂದು ತಿಳಿಯಲು ಬೆಳಕು, ಕನಸುಗಳನ್ನು ಹುಡುಕಬೇಕಿಲ್ಲ. ಸಿಟ್ಟು ಬಂದದ್ದು ನಿಮಗೆ ಎಷ್ಟು ಹೊತ್ತಿಗೆ ಗೊತ್ತಾಯಿತು ಎಂದು ಡೈರಿಯಲ್ಲಿ ಗುರುತು ಹಾಕಿ. ಆರಂಭದಲ್ಲಿ ಅದು ರಾತ್ರಿ ಬರೆಯುವಾಗ ತಿಳಿಯುತ್ತದೆ. ನಂತರ ಜಗಳದ ಮಧ್ಯೆ. ಇನ್ನೂ ಮುಂದೆ, ಮಾತು ನಾಲಿಗೆಗೆ ಬರುವ ಮುನ್ನ. ನಾಲ್ಕನೆಯ ಭೇಟಿಯಲ್ಲಿ ಈ ಗುರುತುಗಳನ್ನು ಕೋಚ್ ಮುಂದಿಟ್ಟು ನೋಡಿ. ಸಮಯ ಕಿರಿದಾಗುತ್ತಿದ್ದರೆ ಆರನೆಯದರ ನಂತರ ತಿಂಗಳಿಗೊಂದು ಭೇಟಿ ಸಾಕು, ಆಮೇಲೆ ಅದೂ ಬೇಡ. ಒಂದಿಷ್ಟೂ ಕಿರಿದಾಗದಿದ್ದರೆ ಅಭ್ಯಾಸ ಬದಲಿಸಿ, ಅದಕ್ಕೂ ಜಗ್ಗದಿದ್ದರೆ ಕೋಚ್‌ ಬದಲಿಸಿ.