ಕೊಲೆಗಾರ ಅಜ್ಜಿಯರ ಕಥೆ ಓದುವವರ ಮನೆಗೆ ನಾಲ್ಕು ಮಾತು

ಮುದುಕಿಯೇ ಕೊಲೆಗಾರ್ತಿಯಾಗಿರುವ ಪತ್ತೇದಾರಿ ಕಥೆಗಳೆಂದರೆ ನನಗೆ ಬಹಳ ಇಷ್ಟ. ನಗುನಗುತ್ತಲೇ ಮೈ ಜುಮ್ಮೆನ್ನಿಸುವ ಕಥೆಗಳು ಅವು. ಅವುಗಳಲ್ಲಿ ಪಿಸ್ತೂಲು, ಕತ್ತಿ ಕಾಣಿಸುವುದೇ ಕಡಿಮೆ. ಅಡುಗೆಮನೆಯ ಡಬ್ಬ, ಮಾತ್ರೆಯ ಪೆಟ್ಟಿಗೆ, ಹಿತ್ತಲಿನ ಗಿಡ, ಮನೆಯ ಮೆಟ್ಟಿಲು, ಇಷ್ಟರಲ್ಲೇ ಎಲ್ಲ ನಡೆದುಹೋಗುತ್ತದೆ. ಸಂಸಾರ ನಡೆಸುವವರು ಇಂಥದೊಂದು ಕಥೆ ಓದಿ ಮುಗಿಸಿದ ಮೇಲೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮನೆಯನ್ನೆಲ್ಲ ಒಮ್ಮೆ ತಡಕಿ ನೋಡಬೇಕು. ಎಲ್ಲಿಂದ ಶುರುಮಾಡಬೇಕು, ಏನೇನು ನೋಡಬೇಕು ಎಂಬುದನ್ನು ಮನೆ ನೋಡಿಕೊಂಡು ಬಂದ ಅನುಭವದಿಂದ ಹೇಳುತ್ತೇನೆ.

ಈ ಬಗೆಯ ಕಥೆಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಎಂಬ ಅಮೆರಿಕದ ನಾಟಕ. ಬರೆದವರು ಜೋಸೆಫ್ ಕೆಸೆಲ್‌ರಿಂಗ್. 1941ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದು ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 1944ರಲ್ಲಿ ಸಿನಿಮಾ ಆಗಿ ತೆರೆಗೂ ಬಂತು. ಬ್ರೂಕ್ಲಿನ್‌ನಲ್ಲಿ ಇಬ್ಬರು ಅವಿವಾಹಿತ ಅಕ್ಕತಂಗಿಯರು. ದೇವರ ಮೇಲೆ ಭಕ್ತಿ, ಅಕ್ಕಪಕ್ಕದವರ ಮೇಲೆ ಪ್ರೀತಿ, ಮನೆಗೆ ಬಂದವರಿಗೆ ಉಪಚಾರ. ಬಾಡಿಗೆ ಕೋಣೆ ಕೇಳಿಕೊಂಡು ಬರುವ ಒಂಟಿ ಮುದುಕರನ್ನು ಕಂಡು ಅಯ್ಯೋ ಪಾಪ ಎಂದು ಮರುಗಿ, ಮನೆಯಲ್ಲೇ ಮಾಡಿದ ಎಲ್ಡರ್‌ಬೆರಿ ಹಣ್ಣಿನ ವೈನ್‌ಗೆ ವಿಷ ಬೆರೆಸಿ ಕುಡಿಸಿಬಿಡುತ್ತಾರೆ. ತಾವು ಪುಣ್ಯದ ಕೆಲಸ ಮಾಡುತ್ತಿದ್ದೇವೆ ಎಂದೇ ಅವರ ನಂಬಿಕೆ. ಹೂಳುವ ಕೆಲಸ, ಪನಾಮ ಕಾಲುವೆ ತೋಡಿಸಿದ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತಾನೇ ಎಂದುಕೊಂಡಿರುವ ಅಣ್ಣನ ಮಗನದು. ಅವನು ನೆಲಮಾಳಿಗೆಯಲ್ಲಿ ಪನಾಮ ಕಾಲುವೆ ತೋಡುತ್ತಿರುತ್ತಾನೆ! ಓದುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಆದರೆ ಆ ಮುದುಕರು ಲೋಟ ಎತ್ತಿ ಕುಡಿದದ್ದೇಕೆ? ಅಜ್ಜಿ ಕೈಯಾರೆ ಕೊಟ್ಟದ್ದನ್ನು ಯಾರೂ ಮೂಸಿ ನೋಡುವುದಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ ಅಲ್ಲವೇ? ಅಡುಗೆಮನೆಯಿಂದ ಬಂದದ್ದನ್ನು ಕಣ್ಣುಮುಚ್ಚಿ ಬಾಯಿಗಿಡುತ್ತೇವೆ.

ಆದ್ದರಿಂದ ಮೊದಲು ಸೀಸೆ, ಡಬ್ಬಗಳನ್ನು ನೋಡಿ. ತಂಪು ಪಾನೀಯದ ಬಾಟಲಿಯಲ್ಲಿ ಫಿನಾಯಿಲ್, ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ ಅಥವಾ ಥಿನ್ನರ್, ಹಾರ್ಲಿಕ್ಸ್ ಸೀಸೆಯಲ್ಲಿ ಬ್ಲೀಚಿಂಗ್ ಪೌಡರ್ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಚೀಟಿ ಅಂಟಿಸಿದರೆ ಸಾಲದು. ಮಗುವಿಗೆ ಓದಲು ಬರುವುದಿಲ್ಲ, ಅಜ್ಜನಿಗೆ ರಾತ್ರಿ ಕಣ್ಣು ಕಾಣುವುದಿಲ್ಲ. ವಿಷದ ವಸ್ತು ಅದು ಬಂದ ಡಬ್ಬದಲ್ಲೇ ಇರಬೇಕು, ಅದರ ಖಾಲಿ ಡಬ್ಬ ಬೇರೆ ಯಾವುದಕ್ಕೂ ಬಳಕೆಯಾಗಬಾರದು. 1858ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಔಷಧದಂಗಡಿಯವರು ಮಿಠಾಯಿಗೆ ಸೇರಿಸುವ ಅಗ್ಗದ ಬಿಳಿ ಪುಡಿ ಎಂದುಕೊಂಡು ಆರ್ಸೆನಿಕ್ ಎಂಬ ವಿಷ ತೂಗಿ ಕೊಟ್ಟರು. ಎರಡೂ ಬಿಳಿ ಪುಡಿ, ಎರಡೂ ಒಂದೇ ಕಡೆ ಇದ್ದವು. ಆ ಮಿಠಾಯಿ ತಿಂದು ಸುಮಾರು 20 ಜನ ಸತ್ತರು. ಅದಕ್ಕೂ ಏಳು ವರ್ಷ ಮೊದಲೇ, 1851ರಲ್ಲಿ, ಚಿಲ್ಲರೆಯಾಗಿ ಮಾರುವ ಆರ್ಸೆನಿಕ್‌ಗೆ ಮಸಿಯನ್ನೋ ನೀಲಿಯನ್ನೋ ಬೆರೆಸಬೇಕೆಂದು ಅಲ್ಲಿ ಕಾನೂನೇ ಬಂದಿತ್ತು. ಇದು ಹಳೆಯ ಕಾಲದ ಮಾತು ಎನ್ನಬೇಡಿ. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯಾಕೆ ಹೇಳಿದ್ದರೆಂದೂ ಆಗ ವರದಿಯಾಗಿತ್ತು. ಅಡುಗೆ ಮಾಡುವವರು ‘ವಾಸನೆ ಬೇರೆ ಬರ್ತಿದೆ’ ಎಂದರೆ ಆ ಎಣ್ಣೆ ಎಷ್ಟೇ ದುಬಾರಿಯಾಗಿರಲಿ, ಚೆಲ್ಲಿಬಿಡಿ.

ಅಕ್ಕಿ ಬೇಳೆಗೆ ಹುಳ ಬೀಳುತ್ತದೆ ಎಂದು ಮೂಟೆಗೆ ಹಾಕುವ ಗುಳಿಗೆಯನ್ನು ಕೆಲವರು ಮನೆಗೆ ತರುತ್ತಾರೆ. ದಯವಿಟ್ಟು ತರಬೇಡಿ. ಗಾಳಿಯ ತೇವ ತಾಗಿದರೂ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ, ಅದಕ್ಕೆ ಪ್ರತ್ಯೌಷಧವೇ ಇಲ್ಲ. ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ ತುಂಬಿಡಿ. ಅಕ್ಕಿಗೆ ಒಣಗಿದ ಬೇವಿನೆಲೆ ಸಾಕು. ಬಚ್ಚಲು ತೊಳೆಯುವಾಗ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಯಾರಾದರೂ ತಪ್ಪಿ ಏನನ್ನಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಸಿಡ್ ಆದರೆ ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. 108ಕ್ಕೆ ಕರೆ ಮಾಡಿ, ಕುಡಿದ ಸೀಸೆಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಹಿತ್ತಲು. ಆ ಅಕ್ಕತಂಗಿಯರು ವೈನ್ ಮಾಡುವ ಎಲ್ಡರ್‌ಬೆರಿ ಇದೆಯಲ್ಲ, ಅದರ ಎಲೆ, ಕಾಂಡ, ಹಸಿ ಕಾಯಿಯಲ್ಲೇ ಸಯನೈಡ್ ಬಿಡುವ ಅಂಶ ಇರುತ್ತದೆ. ಹಣ್ಣನ್ನು ಬೇಯಿಸಿಯೇ ಬಳಸಬೇಕು. ನಮ್ಮ ಮರಗೆಣಸೂ ಅದೇ ಜಾತಿಯ ಗುಣದ್ದು. ಸಿಪ್ಪೆ ದಪ್ಪಗೆ ತೆಗೆದು, ಮುಚ್ಚಳ ಹಾಕದೆ ಚೆನ್ನಾಗಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು, ಸಾರಿಗೆ ಹಾಕಬಾರದು. ತಾರಸಿ ತೋಟ ಮಾಡುವವರು ಗಿಡಕ್ಕೆ ಹರಳು ಹಿಂಡಿ ಹಾಕುತ್ತಾರೆ. ಎಣ್ಣೆ ತೆಗೆದ ಮೇಲೆ ಹರಳಿನ ವಿಷವೆಲ್ಲ ಹಿಂಡಿಯಲ್ಲೇ ಉಳಿಯುತ್ತದೆ, ಅದರ ವಾಸನೆಗೆ ನಾಯಿ ಬಂದು ತಿನ್ನುತ್ತದೆ. ಮಣ್ಣಿನೊಳಗೆ ಆಳವಾಗಿ ಸೇರಿಸಿ, ಚೀಲವನ್ನು ಎತ್ತರದಲ್ಲಿಡಿ. ಉಮ್ಮತ್ತಿ ಬೀಜ ನೋಡಲು ಮೆಣಸಿನಕಾಯಿ ಬೀಜದ ಹಾಗೆಯೇ ಇರುತ್ತದೆ. ಬೇಲಿಯಲ್ಲಿ ಉಮ್ಮತ್ತಿ ಇದ್ದರೆ ಅದರ ಪಕ್ಕ ಮೆಣಸಿನಕಾಯಿ ಒಣಹಾಕಬೇಡಿ. ಪೂಜೆಗೆ ಕಣಗಿಲೆ ಕಿತ್ತ ಕೈಯನ್ನು ತೊಳೆದುಕೊಂಡೇ ಒಲೆಯ ಮುಂದೆ ನಿಲ್ಲಿ.

ಇದೆಲ್ಲಕ್ಕಿಂತ ನಾನು ಹೆಚ್ಚು ಹೆದರುವುದು ಮಾತ್ರೆಯ ಪೆಟ್ಟಿಗೆಗೆ. ಕಥೆಯಲ್ಲಿ ಅಜ್ಜಿಯ ಸಕ್ಕರೆ ಮಾತ್ರೆಯೋ ಹೃದಯದ ಮಾತ್ರೆಯೋ ಬೇರೆಯವರ ಲೋಟಕ್ಕೆ ಬೀಳುತ್ತದೆ. ಮನೆಯಲ್ಲಿ ಯಾರೂ ಬೇಕೆಂದು ಹಾಕದಿದ್ದರೂ ಅನಾಹುತ ಆಗುತ್ತದೆ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಅದನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆಯಿರಿ, ಉಳಿದ ಮಾತ್ರೆಗಳಿಂದ ಬೇರೆ ಡಬ್ಬದಲ್ಲಿಡಿ. ಬಾಯಲ್ಲಿ ಹುಣ್ಣು ಕಾಣಿಸಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಬೆಳಿಗ್ಗೆ ಮಗ ಒಮ್ಮೆ, ಸೊಸೆ ಒಮ್ಮೆ ಸಕ್ಕರೆ ಮಾತ್ರೆ ಕೊಟ್ಟುಬಿಡುವ ಮನೆಗಳೂ ಇವೆ. ಮಾತ್ರೆ ಕೊಡುವ ಕೆಲಸ ಒಬ್ಬರದೇ ಆಗಿರಲಿ. ಹಿರಿಯರು ಇದ್ದಕ್ಕಿದ್ದಂತೆ ಬೆವತು, ನಡುಗಿ, ತಡವರಿಸಿ ಮಾತಾಡಿದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗದೆ ಮೊದಲು ಸಕ್ಕರೆ ಪರೀಕ್ಷೆ ಮಾಡಿ.

ವಯಸ್ಸಾಯ್ತು ಎಂಬ ಆ ಮಾತಿನ ಹಿಂದೆ ಎಷ್ಟೋ ಮುಚ್ಚಿಹೋಗುತ್ತದೆ. ಆ ನಾಟಕಕ್ಕೆ ಪ್ರೇರಣೆಯಾದ ನಿಜವಾದ ಪ್ರಕರಣ ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಿಂಡ್ಸರ್ ಊರಿನದು. ಏಮಿ ಆರ್ಚರ್ ಗಿಲ್ಲಿಗನ್ ಎಂಬಾಕೆ ಅಲ್ಲಿ ವೃದ್ಧಾಶ್ರಮ ನಡೆಸುತ್ತಿದ್ದಳು. ಒಂದು ಇಡಿಗಂಟು ಕೊಟ್ಟರೆ ಸಾಯುವವರೆಗೆ ನೋಡಿಕೊಳ್ಳುವ ಕರಾರು. ಬೇಗ ಸತ್ತರೆ ಅವಳಿಗೆ ಲಾಭ. ನಾಟಕದಲ್ಲಿ ವಿಷ ಇಕ್ಕುವವರು ಮುದುಕಿಯರು. ವಿಂಡ್ಸರ್‌ನಲ್ಲಿ ಸತ್ತವರು ಮುದುಕರು, ಕೊಂದವಳಿಗೆ ಇನ್ನೂ ಅಂಥ ವಯಸ್ಸೇ ಆಗಿರಲಿಲ್ಲ. ಇಲಿಗೆಂದು ಕೊಂಡ ಆರ್ಸೆನಿಕ್, ಹೊಟ್ಟೆಹುಣ್ಣೆಂದು ಬರೆದ ಮರಣ ಪ್ರಮಾಣಪತ್ರ. ಆ ಆಶ್ರಮದಲ್ಲಿದ್ದ ಫ್ರಾಂಕ್ಲಿನ್ ಆಂಡ್ರ್ಯೂಸ್ ಎಂಬಾತ 1914ರಲ್ಲಿ ಗಟ್ಟಿಮುಟ್ಟಾಗಿದ್ದವನು ಹಠಾತ್ತಾಗಿ ಸತ್ತ. ಅವನ ಸೋದರಿ ಅವನ ಕಾಗದಗಳನ್ನು ಕೂತು ಓದಿದಳು, ಗಿಲ್ಲಿಗನ್ ಅವನಲ್ಲಿ ಹಣ ಕೇಳಿದ್ದ ಕಾಗದ ಸಿಕ್ಕಿತು. ಆ ಸೋದರಿ ಪತ್ರಿಕೆಯವರ ಬಳಿ ಹೋದಳು. 1916ರಲ್ಲಿ ಬಂಧನ, 1917ರಲ್ಲಿ ಶಿಕ್ಷೆ.

ಇದರಿಂದ ನಮ್ಮ ಮನೆಗೆ ಬೇಕಾದ ಬುದ್ಧಿ ಇಷ್ಟು: ವಯಸ್ಸಾದವರ ಬ್ಯಾಂಕ್ ಪುಸ್ತಕ, ಠೇವಣಿ ಚೀಟಿ, ಉಯಿಲು, ಆಸ್ಪತ್ರೆಯ ಕಾಗದಗಳ ಒಂದು ಪ್ರತಿ, ಅವರ ಜೊತೆಗೆ ಇಲ್ಲದ ಮಗಳ ಬಳಿಯೋ ತಮ್ಮನ ಬಳಿಯೋ ಇರಲಿ. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವಾಗ ‘ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದುಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ದಾರಿ ಕೊಡುತ್ತದೆ. ಹೇಳಿಕೊಳ್ಳಲು ಯಾರೂ ಇಲ್ಲದವರು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು.

ಸ್ವೀಡನ್ನಿನ ಹೆಲೆನ್ ಟುರ್ಸ್‌ಟೆನ್ ಬರೆದ ಮೌಡ್ ಎಂಬ ಅಜ್ಜಿ ನನಗೆ ಈ ಎಲ್ಲರಿಗಿಂತ ಹತ್ತಿರದವಳು. ಎಂಬತ್ತೆಂಟು ವರ್ಷ, ಗೋಥೆನ್‌ಬರ್ಗ್‌ನಲ್ಲಿ ಒಬ್ಬಳೇ ವಾಸ. ಅವಳ ಮನೆಯ ಮೇಲೆ ಕಣ್ಣಿಟ್ಟವರನ್ನು, ನೆಮ್ಮದಿ ಕೆಡಿಸಿದವರನ್ನು ಮುಗಿಸಿಬಿಟ್ಟು, ಪೊಲೀಸರು ಬಂದರೆ ಕಿವಿ ಕೇಳದವಳ ಹಾಗೆ ಕೂತುಬಿಡುತ್ತಾಳೆ. ನನ್ನ ವಾರಿಗೆಯ ಹೆಂಗಸರಿಗೆ ಅವಳನ್ನು ಓದುವಾಗ ಆಗುವ ಸಂತೋಷ ನಿಜವಾದದ್ದು. ‘ಅವರಿಗೇನು ತಿಳಿಯುತ್ತೆ’ ಎಂದು ಎದುರಿಗೇ ಮಾತಾಡುವುದನ್ನು ದಿನವೂ ಕೇಳಿಸಿಕೊಂಡವರು ನಾವು. ಅತ್ತೆಗೋ ಅಮ್ಮನಿಗೋ ಇಂಥ ಪುಸ್ತಕ ತಂದುಕೊಡಿ. ಅಕ್ಷರ ಸಣ್ಣದಾದರೆ ಟ್ಯಾಬ್‌ನಲ್ಲಿ ದೊಡ್ಡದು ಮಾಡಿಕೊಡಿ, ಇಂಗ್ಲಿಷ್ ಬಾರದವರಿಗೆ ಸಂಜೆ ಕಾಫಿಯ ಹೊತ್ತಿಗೆ ಒಂದೊಂದು ಕಥೆಯನ್ನು ಕನ್ನಡದಲ್ಲಿ ಹೇಳಿ.

ಮರೆವಿನ ಕಾಯಿಲೆ ಇರುವವರಿಗೆ ಮಾತ್ರ ಇವು ಬೇಡ. ಡಿಮೆನ್ಷಿಯಾದಲ್ಲಿ ‘ಸೊಸೆ ಊಟಕ್ಕೆ ವಿಷ ಹಾಕ್ತಾಳೆ’ ಎಂಬ ಅನುಮಾನ ಎಷ್ಟೋ ಜನರಿಗೆ ಬರುತ್ತದೆ. ಅದು ಕಾಯಿಲೆಯ ಮಾತು, ಅವರ ಮನಸ್ಸಿನ ಕೆಟ್ಟತನವಲ್ಲ. ವಾದ ಮಾಡಬೇಡಿ, ಆಣೆ ಪ್ರಮಾಣ ಬೇಡ, ನೆಂಟರ ಮುಂದೆ ಆ ಮಾತು ಎತ್ತಲೇಬೇಡಿ. ಅವರ ಕಣ್ಣೆದುರಿಗೇ ಪಾತ್ರೆಯಿಂದ ಬಡಿಸಿ, ಅದೇ ಅನ್ನ ಸಾರನ್ನು ನೀವೂ ಪಕ್ಕದಲ್ಲಿ ಕೂತು ಉಣ್ಣಿ. ಮಾತ್ರೆಯನ್ನು ಅನ್ನದಲ್ಲಿ ಬಚ್ಚಿಟ್ಟು ಕೊಡಬೇಡಿ. ಒಮ್ಮೆ ಕಹಿ ನಾಲಿಗೆಗೆ ತಾಗಿದರೆ ಅವರ ಅನುಮಾನ ಗಟ್ಟಿಯಾಗಿ ಊಟವನ್ನೇ ಬಿಡುತ್ತಾರೆ. ಎರಡು ಹೊತ್ತು ಉಣ್ಣದೆ ಹಠ ಹಿಡಿದರೆ ಮನೋವೈದ್ಯರಿಗೋ ನರರೋಗ ವೈದ್ಯರಿಗೋ ತೋರಿಸಿ. ಅಷ್ಟರವರೆಗೆ ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಎಳನೀರು ಅವರ ಕೈಗೇ ಕೊಡಿ. ಬೇರೆ ಯಾರ ಕೈಯೂ ತಾಗಿಲ್ಲ ಎಂದು ತಾವೇ ನೋಡಿದ್ದನ್ನು ಅವರು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ.